ತಂತಿ ಹೆಚ್ಚಿತು, ತಾಮ್ರ ಇಳಿಯಿತು!

ಎರಡು ತಂತಿ ಸಾಕಿದ್ದ ಕಡೆ ಮೂರು ಎಳೆಯಿರಿ, ತಾಮ್ರದ ಖರ್ಚು ಅರ್ಧಕ್ಕಿಂತ ಕೆಳಗೆ ಇಳಿಯುತ್ತದೆ! ನಂಬುವ ಮಾತೇ? ಆದರೆ 1883ರ ಜುಲೈ 4ರಂದು ಅಮೆರಿಕದ ಪೆನ್ಸಿಲ್ವೇನಿಯಾದ ಸನ್‌ಬರಿ ಎಂಬ ಸಣ್ಣ ಊರಿನ ಸಿಟಿ ಹೋಟೆಲಿನಲ್ಲಿ ದೀಪ ಹತ್ತಿದ್ದು ಕಂಬಗಳ ಮೇಲೆ ಬಂದ ಇಂಥ ಮೂರು ತಂತಿಗಳಿಂದಲೇ.

ಹಿಂದಿನ ವರ್ಷವಷ್ಟೇ ಥಾಮಸ್ ಎಡಿಸನ್ ನ್ಯೂಯಾರ್ಕಿನ ಪರ್ಲ್ ಸ್ಟ್ರೀಟಿನಿಂದ 110 ವೋಲ್ಟಿನ ಡಿ.ಸಿ. ಹರಿಸಿದ್ದ. ಅವನ ಬಲ್ಬಿಗೆ ಬೇಕಿದ್ದದ್ದು ಅಷ್ಟೇ. ವೋಲ್ಟೇಜ್ ಕಡಿಮೆಯಾದರೆ ಕರೆಂಟ್ ಹೆಚ್ಚು, ಕರೆಂಟ್ ಹೆಚ್ಚಾದರೆ ತಂತಿ ದಪ್ಪ. ಬೀದಿ ಅಗೆದು ಹೂತ ತಾಮ್ರವೇ ದುಡ್ಡು ನುಂಗುತ್ತಿತ್ತು.

ಈಗ ನೋಡಿ ಎಡಿಸನ್‌ನ ಚಮತ್ಕಾರ! ಎರಡು ಡೈನಮೋಗಳನ್ನು ಸರಣಿಯಲ್ಲಿ ಜೋಡಿಸಿದರೆ ಹೊರಗಿನ ತಂತಿಗಳ ನಡುವೆ 220 ವೋಲ್ಟ್. ಜೋಡಿಸಿದ ಜಾಗದಿಂದಲೇ ಮೂರನೆಯ ತಂತಿ ಹೊರಡಲಿ. ಅದಕ್ಕೂ ಆಚೀಚಿನ ತಂತಿಗಳಿಗೂ ನಡುವೆ ಸರಿಯಾಗಿ 110! ಬಲ್ಬಿಗೆ ಏನೂ ಗೊತ್ತೇ ಆಗುವುದಿಲ್ಲ. ಎರಡೂ ಮಗ್ಗುಲಲ್ಲಿ ನೂರು ನೂರು ಬಲ್ಬು ಉರಿಯುತ್ತಿದ್ದರೆ ನಡುವಿನ ತಂತಿಯಲ್ಲಿ ಕರೆಂಟು ಸೊನ್ನೆ. ಒಂದು ಕಡೆ ಹತ್ತು ಆರಿಸಿದರೆ, ಆ ಹತ್ತರ ಪಾಲಷ್ಟೇ ಅದರಲ್ಲಿ ಹರಿಯುತ್ತದೆ. (ಅದು ಕಡಿದರೆ ಮಾತ್ರ ಆಟ ಕೆಟ್ಟಿತು. ಕಡಿಮೆ ಬಲ್ಬಿರುವ ಮಗ್ಗುಲಿಗೇ ವೋಲ್ಟೇಜ್ ಏರಿ ಅವು ಸುಟ್ಟಾವು.)

ವೋಲ್ಟೇಜ್ ಇಮ್ಮಡಿಯಾದ್ದರಿಂದ ಅಷ್ಟೇ ಬೆಳಕಿಗೆ ಅರ್ಧ ಕರೆಂಟ್ ಸಾಕು. ದಾರಿಯಲ್ಲಿ ಶೇಕಡಾ ಇಷ್ಟು ವೋಲ್ಟೇಜ್ ಬಿದ್ದರೆ ಪರವಾಗಿಲ್ಲ ಎಂದು ಒಂದು ಮಿತಿ ಇಟ್ಟುಕೊಳ್ಳುತ್ತೇವಲ್ಲ, ಅದೂ ಈಗ ವೋಲ್ಟಿನ ಲೆಕ್ಕದಲ್ಲಿ ಇಮ್ಮಡಿ. ಎರಡೂ ಸೇರಿ ಪ್ರತಿ ತಂತಿಗೆ ಬೇಕಾದ ತಾಮ್ರ ನಾಲ್ಕನೇ ಒಂದು ಪಾಲಿಗೆ ಕುಸಿಯುತ್ತದೆ! ಹಳೆಯ ಜೋಡಿಗೆ 8 ಕಿಲೋ ಬೇಕಿತ್ತೆನ್ನಿ, ತಂತಿಗೆ ನಾಲ್ಕರಂತೆ. ಈಗ ತಂತಿಗೆ ಒಂದೇ ಕಿಲೋ. ನಡುವಿನದಕ್ಕೂ ಧಾರಾಳವಾಗಿ ಅಷ್ಟೇ ಕೊಟ್ಟರೂ ಒಟ್ಟು ಮೂರು. ಶೇ. 62.5ರಷ್ಟು ಉಳಿತಾಯ, ಅದೂ ಒಂದು ತಂತಿ ಹೆಚ್ಚು ಹಾಕಿ! ಇಂಗ್ಲೆಂಡಿನ ಜಾನ್ ಹಾಪ್‌ಕಿನ್‌ಸನ್‌ಗೂ ಅದೇ ಹೊತ್ತಿಗೆ ಇದೇ ಉಪಾಯ ಹೊಳೆದು, 1882ರಲ್ಲಿ ಪೇಟೆಂಟ್ ಪಡೆದಿದ್ದ.

ಈ ಉಪಾಯದ ದೈತ್ಯರೂಪ ನಮ್ಮ ಕೋಲಾರಕ್ಕೇ ಬಂದು ಇಳಿದಿದೆ. ಒಡಿಶಾದ ತಾಲ್ಚೇರ್‌ನಿಂದ 1,300 ಕಿ.ಮೀ.ಗೂ ಹೆಚ್ಚು ದೂರ ಬರುವ, 2003ರಲ್ಲಿ ಶುರುವಾದ ಡಿ.ಸಿ. ಮಾರ್ಗದಲ್ಲಿ ಒಂದು ಕಡೆ +500 ಕಿಲೋವೋಲ್ಟ್, ಇನ್ನೊಂದು ಕಡೆ −500, ನಡುಬಿಂದು ನೆಲಕ್ಕೆ. ಒಂದು ಕಡೆಯದು ಕೈಕೊಟ್ಟರೆ ಕರೆಂಟು ಮರಳಲು ಭೂಮಿಯೇ ದಾರಿ ಕೊಡಬಲ್ಲದು. ಮೂರನೆಯ ತಂತಿಗೆ ಲೋಹವೇ ಬೇಡ!