ಬಿಸಿಲೂರಿನ ಹುಲ್ಲುಹಾಸು: ಯಾವ ಮಳೆಗೆ ಯಾವ ಆರೈಕೆ

ಬಳ್ಳಾರಿ, ರಾಯಚೂರು, ಕಲಬುರಗಿ ಕಡೆ ಮನೆ ಮುಂದೆ ಹುಲ್ಲುಹಾಸು ಬೆಳೆಸಿದವರಿಗೆ ಏಪ್ರಿಲ್ ಬಂತೆಂದರೆ ಚಿಂತೆ ಶುರುವಾಗುತ್ತದೆ. ಬಿಸಿಲು 40 ಡಿಗ್ರಿ ದಾಟುತ್ತದೆ, ಬೋರ್‌ವೆಲ್ಲಿನ ನೀರು ಕೆಳಗಿಳಿಯುತ್ತದೆ, ಜನವರಿವರೆಗೂ ಹಸಿರಾಗಿದ್ದ ಹುಲ್ಲು ಕಂದು ಬಣ್ಣಕ್ಕೆ ತಿರುಗುತ್ತದೆ. ಗಾಬರಿಯಾದ ಮನೆಯವರು ಬೆಳಿಗ್ಗೆ ಐದು ನಿಮಿಷ, ಸಂಜೆ ಐದು ನಿಮಿಷ ಪೈಪು ಹಿಡಿದು ನೀರು ಚಿಮುಕಿಸುತ್ತಾರೆ. ಬಣ್ಣ ಬರಲೆಂದು ಮೇಲೊಂದಿಷ್ಟು ಯೂರಿಯಾವನ್ನೂ ಎರಚುತ್ತಾರೆ. ಹುಲ್ಲಿಗೆ ಹೆಚ್ಚು ಕೆಡುಕು ಮಾಡುವುದು ಈ ಎರಡು ಕೆಲಸಗಳೇ. ಬಯಲುಸೀಮೆಯ ಬಿಸಿಲನ್ನು ತಾಳುವ ಶಕ್ತಿ ನಮ್ಮ ಹುಲ್ಲಿಗೆ ಇದೆ. ಆ ಶಕ್ತಿ ಇರುವುದು ಬೇರಿನಲ್ಲಿ. ವರ್ಷವಿಡೀ ಮಾಡುವ ಆರೈಕೆ ಬೇರನ್ನು ಆಳಕ್ಕೆ ಇಳಿಸುವಂತಿದ್ದರೆ ಬೇಸಿಗೆ ಸಲೀಸಾಗಿ ಕಳೆಯುತ್ತದೆ.

ಮೊದಲು ಹುಲ್ಲು ಯಾವುದೆಂದು ತಿಳಿಯಿರಿ

ಬಿಸಿಲು ನಾಡಿನ ಹುಲ್ಲುಹಾಸಿಗೆ ಗರಿಕೆಗಿಂತ ಗಟ್ಟಿ ಹುಲ್ಲು ಇಲ್ಲ. ಗಣಪನಿಗೆ ಏರಿಸುವ ಗರಿಕೆ, ಜಗತ್ತಿನ ಬಿಸಿ ದೇಶಗಳ ಆಟದ ಮೈದಾನಗಳಲ್ಲಿ ಬೆಳೆಸುವ ಬರ್ಮುಡಾ ಹುಲ್ಲು, ಎರಡೂ ಒಂದೇ ಜಾತಿ. ಸಸ್ಯಶಾಸ್ತ್ರದಲ್ಲಿ ಇದರ ಹೆಸರು ಸೈನೊಡಾನ್ ಡ್ಯಾಕ್ಟಿಲಾನ್. ಜೋಳ, ಕಬ್ಬುಗಳ ಹಾಗೆ ಇದೂ ಸಿ4 ಗುಂಪಿನ ಸಸ್ಯ. ಈ ಗುಂಪಿನ ಗಿಡಗಳು ಬಿರುಬಿಸಿಲಿನಲ್ಲೂ ಕಡಿಮೆ ನೀರು ಖರ್ಚು ಮಾಡಿ ಆಹಾರ ತಯಾರಿಸಿಕೊಳ್ಳುತ್ತವೆ. 27ರಿಂದ 35 ಡಿಗ್ರಿ ಉಷ್ಣತೆಯಲ್ಲಿ ಗರಿಕೆ ಚೆನ್ನಾಗಿ ಹಬ್ಬುತ್ತದೆ, 15 ಡಿಗ್ರಿಗಿಂತ ಕೆಳಗಿಳಿದರೆ ಬೆಳವಣಿಗೆ ನಿಧಾನವಾಗುತ್ತದೆ. ನೆಲದ ಮೇಲೆ ಹರಿಯುವ ಬಳ್ಳಿಕಾಂಡ, ನೆಲದೊಳಗೆ ಸಾಗುವ ಕಾಂಡ, ಎರಡೂ ಇದಕ್ಕಿರುವುದರಿಂದ ಮೇಲಿನದು ಒಣಗಿದರೂ ಒಳಗಿನದು ಜೀವ ಹಿಡಿದಿರುತ್ತದೆ.

ಗರಿಕೆಗೆ ದಿನಕ್ಕೆ ಕನಿಷ್ಠ ಆರು ಗಂಟೆ ನೇರ ಬಿಸಿಲು ಬೇಕು. ಅರ್ಧ ನೆರಳಿರುವ ಕಡೆ ಅಗಲ ಎಲೆಯ ಬಫಲೋ ಹುಲ್ಲು ಬಾಳುತ್ತದೆ. ಮಾವಿನ ಮರದ ದಟ್ಟ ನೆರಳಿನಲ್ಲಿ ಯಾವ ಹುಲ್ಲೂ ನಿಲ್ಲದು. ಅಲ್ಲಿ ತರಗೆಲೆ ಹರಡಿ ಬಿಡುವುದು ಮರಕ್ಕೂ ಒಳ್ಳೆಯದು. ಚಿತ್ರ ನೋಡಿ ಮರುಳಾಗಿ ರೈಗ್ರಾಸ್, ಫೆಸ್ಕ್ಯೂ ಬೀಜದ ಪೊಟ್ಟಣ ತರಿಸಬೇಡಿ. ಅವು ಚಳಿ ದೇಶದ ಹುಲ್ಲುಗಳು. ಡಿಸೆಂಬರಿನಲ್ಲಿ ಹಸಿರಾಗಿ ಕಂಡರೂ ನಮ್ಮ ಬೇಸಿಗೆಯನ್ನು ತಾಳಲಾರವು.

ನೀರಿನ ಲೆಕ್ಕ

ಒಂದು ಚದರ ಮೀಟರ್ ನೆಲದ ಮೇಲೆ ಒಂದು ಮಿಲಿಮೀಟರ್ ಎತ್ತರ ನೀರು ನಿಂತರೆ ಅದು ಒಂದು ಲೀಟರ್. ಈ ಒಂದು ಲೆಕ್ಕ ಗೊತ್ತಿದ್ದರೆ ಉಳಿದದ್ದು ಸುಲಭ. ಬೇಸಿಗೆಯಲ್ಲಿ ಹಸಿರಾಗಿರಲು ಗರಿಕೆಗೆ ವಾರಕ್ಕೆ ಸುಮಾರು 25 ಮಿಲಿಮೀಟರ್ ನೀರು ಬೇಕು. ಮೂವತ್ತು-ನಲವತ್ತರ ಸೈಟಿನಲ್ಲಿ ಮನೆ ಕಟ್ಟಿ ಮುಂದೆ ಹತ್ತಡಿ-ಹದಿನೈದಡಿ ಜಾಗ ಬಿಟ್ಟಿದ್ದರೆ ಅದು ಸುಮಾರು 14 ಚದರ ಮೀಟರ್. ಅದಕ್ಕೆ ವಾರಕ್ಕೆ 350 ಲೀಟರ್ ಸಾಕು. ಹುಲ್ಲುಹಾಸು ಸಾವಿರ ಚದರಡಿ ಇದ್ದರೆ ವಾರಕ್ಕೆ ಸುಮಾರು 2300 ಲೀಟರ್ ಬೇಕಾಗುತ್ತದೆ.

ಈ 350 ಲೀಟರನ್ನು ದಿನಕ್ಕೆ 50ರಂತೆ ಹಂಚಿದರೆ ಮೇಲಿನ ಒಂದೆರಡು ಅಂಗುಲ ಮಣ್ಣು ಮಾತ್ರ ತೇವವಾಗುತ್ತದೆ. ನೀರು ಎಲ್ಲಿರುತ್ತದೋ ಬೇರು ಅಲ್ಲೇ ಉಳಿಯುತ್ತದೆ. ಮಧ್ಯಾಹ್ನ ಕಾದು ಸುಡುವುದೂ ಮೇಲಿನ ಆ ಎರಡು ಅಂಗುಲವೇ. ಅದೇ ನೀರನ್ನು ವಾರದಲ್ಲಿ ಎರಡು ಸಲ ಕೊಟ್ಟರೆ ತೇವ ಆರು ಅಂಗುಲದವರೆಗೆ ಇಳಿಯುತ್ತದೆ, ಬೇರೂ ಅದನ್ನು ಹಿಂಬಾಲಿಸುತ್ತದೆ. ನೀರು ಎಷ್ಟು ಆಳಕ್ಕೆ ಹೋಗಿದೆ ಎಂದು ನೋಡಲು ಉದ್ದನೆಯ ಸ್ಕ್ರೂಡ್ರೈವರ್ ಸಾಕು. ನೀರುಣಿಸಿದ ಕೆಲ ಗಂಟೆಗಳ ಬಳಿಕ ನೆಲಕ್ಕೆ ಒತ್ತಿ. ತೇವ ಇರುವವರೆಗೆ ಅದು ಸಲೀಸಾಗಿ ಇಳಿಯುತ್ತದೆ, ಒಣಮಣ್ಣು ಸಿಕ್ಕ ಕೂಡಲೇ ತಡೆಯುತ್ತದೆ.

ಸ್ಪ್ರಿಂಕ್ಲರ್ ಇದ್ದರೆ ಹುಲ್ಲಿನ ಮೇಲೆ ಅಲ್ಲಲ್ಲಿ ನೇರ ಅಂಚಿನ ಖಾಲಿ ಡಬ್ಬಿಗಳನ್ನಿಟ್ಟು ಕಾಲು ಗಂಟೆ ಓಡಿಸಿ. ಡಬ್ಬಿಯಲ್ಲಿ ನಿಂತ ನೀರನ್ನು ಸ್ಕೇಲಿನಿಂದ ಅಳೆಯಿರಿ. ಆರು ಮಿಲಿಮೀಟರ್ ಇದ್ದರೆ ಅರ್ಧ ಗಂಟೆಗೆ 12 ಮಿಲಿಮೀಟರ್ ಆಯಿತು. ಡಬ್ಬಿಗಳ ನಡುವೆ ತುಂಬ ವ್ಯತ್ಯಾಸ ಕಂಡರೆ ಸ್ಪ್ರಿಂಕ್ಲರಿನ ಜಾಗ ಬದಲಿಸಿ.

ಎರೆಮಣ್ಣಿನ ಊರುಗಳಲ್ಲಿ ಇನ್ನೊಂದು ತೊಡಕಿದೆ. ಒದ್ದೆಯಾದ ಎರೆಭೂಮಿ ನೀರನ್ನು ಬಹಳ ನಿಧಾನವಾಗಿ ಹೀರುತ್ತದೆ. ಹತ್ತು ನಿಮಿಷ ನೀರು ಬಿಟ್ಟು, ಅರ್ಧ ಗಂಟೆ ನಿಲ್ಲಿಸಿ, ಮತ್ತೆ ಹತ್ತು ನಿಮಿಷ ಬಿಡಿ. ಹಾಗೆ ಮಾಡಿದರೆ ನೀರು ಗಟಾರಕ್ಕೆ ಹರಿಯದೆ ನೆಲಕ್ಕೆ ಇಳಿಯುತ್ತದೆ. ನೀರು ಕೊಡಲು ಬೆಳಗಿನ ಐದರಿಂದ ಎಂಟು ಗಂಟೆ ಒಳ್ಳೆಯ ಹೊತ್ತು. ಗಾಳಿ ಕಡಿಮೆ ಇರುತ್ತದೆ, ಆವಿಯಾಗಿ ಹೋಗುವ ನೀರೂ ಕಡಿಮೆ.

ಯಾವಾಗ ಕೊಡಬೇಕೆಂದು ಹುಲ್ಲೇ ಹೇಳುತ್ತದೆ. ಅದರ ಮೇಲೆ ನಡೆದು ಹಿಂದಿರುಗಿ ನೋಡಿ. ತುಳಿದ ಹುಲ್ಲು ಕೂಡಲೇ ಎದ್ದು ನಿಂತರೆ ನೀರು ಸಾಕಷ್ಟಿದೆ. ಹೆಜ್ಜೆ ಗುರುತು ಹಾಗೇ ಉಳಿದು, ಹಸಿರು ಬೂದುನೀಲಿಗೆ ತಿರುಗಿದ್ದರೆ ಮರುದಿನ ಬೆಳಿಗ್ಗೆ ನೀರು ಬೇಕು.

ಶಿವರಾತ್ರಿಯಿಂದ ರೋಹಿಣಿಯವರೆಗೆ

ಚಳಿ ಹೋಗಿ ಬಿಸಿಲು ಬಲಿಯುವ ಈ ಮೂರು ತಿಂಗಳಲ್ಲಿ ಕೆಲಸ ಕಡಿಮೆ ಮಾಡಿದಷ್ಟೂ ಲಾಭ. ಹುಲ್ಲನ್ನು ಎತ್ತರ ಬಿಡಿ. ಮಳೆಗಾಲದಲ್ಲಿ ಮೂರು ಸೆಂಟಿಮೀಟರಿಗೆ ಕತ್ತರಿಸುವವರು ಈಗ ಐದಕ್ಕೆ ಏರಿಸಿ. ಎತ್ತರದ ಎಲೆ ನೆಲಕ್ಕೆ ನೆರಳು ಕೊಡುತ್ತದೆ, ಮಣ್ಣಿನ ತೇವ ಉಳಿಯುತ್ತದೆ. ಒಂದು ಸಲಕ್ಕೆ ಎಲೆಯ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಕತ್ತರಿಸಬಾರದು ಎಂಬ ನಿಯಮ ವರ್ಷವಿಡೀ ಇರಲಿ. ಅದಕ್ಕಿಂತ ಹೆಚ್ಚು ಕತ್ತರಿಸಿದರೆ ಹುಲ್ಲು ಬೇರಿನ ಬೆಳವಣಿಗೆ ನಿಲ್ಲಿಸಿ ಎಲೆ ಚಿಗುರಿಸುವುದಕ್ಕೇ ಶಕ್ತಿ ಖರ್ಚು ಮಾಡುತ್ತದೆ. ಮೋವರಿನ ಬ್ಲೇಡ್ ಮೊಂಡಾಗಿದ್ದರೆ ಎಲೆಯ ತುದಿ ಹರಿದು ಬೆಳ್ಳಗಾಗುತ್ತದೆ. ಸಾಣೆ ಹಿಡಿಸಿ.

ಮಾರ್ಚ್‌ನಿಂದ ಮೇ ಕೊನೆಯವರೆಗೆ ಯೂರಿಯಾ ಮುಟ್ಟಬೇಡಿ. ಅದರಲ್ಲಿ ನೂರಕ್ಕೆ 46 ಭಾಗ ಸಾರಜನಕ. ಅದು ಎಳೆ ಎಲೆಗಳನ್ನು ಚಿಗುರಿಸುತ್ತದೆ. ಎಳೆ ಎಲೆ ಹೆಚ್ಚು ನೀರು ಕೇಳುತ್ತದೆ, ನೀರು ಸಿಗದೆ ಸುಡುತ್ತದೆ.

ನೀರು ತೀರಾ ಇಲ್ಲವೇ? ಗರಿಕೆಯನ್ನು ಮಲಗಲು ಬಿಡಿ. ಕಂದಾದ ಗರಿಕೆ ಸತ್ತಿದೆ ಎಂದೇನಿಲ್ಲ. ಒಂದು ಕಡ್ಡಿಯನ್ನು ಬುಡಸಮೇತ ಕಿತ್ತು ನೋಡಿ. ಬುಡ ಬಿಳಿಯಾಗಿ ಗಟ್ಟಿಯಾಗಿದ್ದರೆ ಜೀವವಿದೆ, ಕಂದಾಗಿ ಪುಡಿಯಾದರೆ ಮಾತ್ರ ಹೋಗಿದೆ. ಮಲಗಿರುವ ಹುಲ್ಲಿಗೆ ಎರಡು-ಮೂರು ವಾರಕ್ಕೊಮ್ಮೆ 12 ಮಿಲಿಮೀಟರ್ ನೀರು, ಅಂದರೆ ಹತ್ತಡಿ-ಹದಿನೈದಡಿ ಜಾಗಕ್ಕೆ ಸುಮಾರು 170 ಲೀಟರ್ ಕೊಟ್ಟರೆ ಜೀವ ಉಳಿಯುತ್ತದೆ. ಆ ದಿನಗಳಲ್ಲಿ ಅದರ ಮೇಲೆ ಓಡಾಟ ಬೇಡ, ಕುರ್ಚಿ ಹಾಕಿ ಕೂರುವುದೂ ಬೇಡ.

ಬೇಸಿಗೆಯಲ್ಲಿ ಕುಡಿಯುವ ನೀರನ್ನು ಹುಲ್ಲಿಗೆ ಸುರಿಯುವುದು ನ್ಯಾಯವೂ ಅಲ್ಲ. 2024ರ ಮಾರ್ಚ್‌ನಲ್ಲಿ ಬೆಂಗಳೂರು ಜಲಮಂಡಳಿ ಕೈತೋಟಕ್ಕೆ ಕುಡಿಯುವ ನೀರು ಬಳಸುವುದನ್ನು ನಿಷೇಧಿಸಿ 5000 ರೂಪಾಯಿ ದಂಡ ಗೊತ್ತುಪಡಿಸಿತು. 2025ರ ಫೆಬ್ರುವರಿಯಲ್ಲಿ ಮತ್ತೆ ಅಂಥದೇ ಆದೇಶ ಬಂತು. ತರಕಾರಿ, ಅಕ್ಕಿ ತೊಳೆದ ನೀರು ಹುಲ್ಲಿಗೆ ನಡೆಯುತ್ತದೆ. ಎಸಿಯಿಂದ ತೊಟ್ಟಿಕ್ಕುವ ನೀರಿನಲ್ಲಿ ಲವಣ ಇರುವುದಿಲ್ಲವಾದ್ದರಿಂದ ಅದು ಇನ್ನೂ ಒಳ್ಳೆಯದು. ಆರ್‌ಓ ಯಂತ್ರದಿಂದ ಹೊರಬೀಳುವ ನೀರು ಮೊದಲಿಗಿಂತ ಹೆಚ್ಚು ಉಪ್ಪಾಗಿರುತ್ತದೆ. ಅದನ್ನು ಬೇರೆ ನೀರಿನೊಂದಿಗೆ ಬೆರೆಸಿ, ಆಗೊಮ್ಮೆ ಈಗೊಮ್ಮೆ ಮಾತ್ರ ಹಾಕಿ. ಬಟ್ಟೆ ಒಗೆದ ಸೋಪಿನ ನೀರಿನಲ್ಲಿರುವ ಸೋಡಿಯಂ ಎರೆಮಣ್ಣನ್ನು ಗಟ್ಟಿಗೊಳಿಸುತ್ತದೆ, ಅದು ಬೇಡ.

ಮೃಗಶಿರದಿಂದ ಉತ್ತರೆಯವರೆಗೆ

ಜೂನ್ ಎರಡನೇ ವಾರ ಮೃಗಶಿರ ಮಳೆ ಹೂಡಿ ನೆಲ ಒಂದೆರಡು ಸಲ ಚೆನ್ನಾಗಿ ನೆನೆದ ಮೇಲೆ ವರ್ಷದ ದೊಡ್ಡ ಕೆಲಸ ಶುರು. ಮೊದಲು ಒಣಗಿದ ಎಲೆಗಳನ್ನೆಲ್ಲ ಒಮ್ಮೆ ತಗ್ಗಿಗೆ ಕತ್ತರಿಸಿ ಗುಡಿಸಿ ತೆಗೆಯಿರಿ. ಮೂರನೇ ಒಂದು ಭಾಗದ ನಿಯಮಕ್ಕೆ ವರ್ಷದಲ್ಲಿ ಇದೊಂದೇ ವಿನಾಯಿತಿ. ಗಾರ್ಡನ್ ಫೋರ್ಕಿನಿಂದ ಗೇಣಿಗೊಂದರಂತೆ ನಾಲ್ಕು ಅಂಗುಲ ಆಳ ಚುಚ್ಚಿ ಅಲುಗಾಡಿಸಿ. ವರ್ಷವಿಡೀ ತುಳಿದು ಗಟ್ಟಿಯಾದ ನೆಲಕ್ಕೆ ಗಾಳಿ, ನೀರು ಇಳಿಯುತ್ತವೆ. ಬಳಿಕ ಕೆಮ್ಮಣ್ಣು, ಮರಳು, ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರವನ್ನು ಸಮಪಾಲು ಬೆರೆಸಿ, ಜರಡಿ ಹಿಡಿದು, ಅರ್ಧ ಸೆಂಟಿಮೀಟರ್ ದಪ್ಪ ಹರಡಿ. ಹತ್ತಡಿ-ಹದಿನೈದಡಿ ಜಾಗಕ್ಕೆ ನಾಲ್ಕೈದು ಬಕೆಟ್ ಬೇಕಾಗುತ್ತದೆ. ಎರೆಭೂಮಿಯಾದರೆ ಮರಳಿಗಿಂತ ಗೊಬ್ಬರವೇ ಹೆಚ್ಚಿರಲಿ. ಅರೆಬರೆ ಕಳಿತ ಗೊಬ್ಬರ ತಂದರೆ ಅದರೊಂದಿಗೆ ಕಳೆ ಬೀಜವೂ ಬರುತ್ತದೆ.

ಚಿಗುರು ಬಂದ ಮೇಲೆ, ಆರಿದ್ರ ಮಳೆಯ ಹೊತ್ತಿಗೆ, ಚದರ ಮೀಟರಿಗೆ 10 ಗ್ರಾಂ ಯೂರಿಯಾ ಹಾಕಬಹುದು. ಎಲೆ ಒಣಗಿರುವಾಗ ಎರಚಿ, ಕೂಡಲೇ ನೀರು ಹಾಯಿಸಿ ತೊಳೆಯಿರಿ. ಒದ್ದೆ ಎಲೆಗೆ ಅಂಟಿದ ಹರಳು ಅಲ್ಲೇ ಸುಡುತ್ತದೆ. ಮಳೆಗಾಲದಲ್ಲಿ ವಾರಕ್ಕೊಮ್ಮೆ ಕತ್ತರಿಸಿ, ಕತ್ತರಿಸಿದ ಚೂರುಗಳನ್ನು ಅಲ್ಲೇ ಉದುರಲು ಬಿಡಿ. ಹುಲ್ಲಿಗೆ ವರ್ಷಕ್ಕೆ ಬೇಕಾದ ಸಾರಜನಕದ ಸುಮಾರು ಕಾಲುಭಾಗ ಇದರಿಂದಲೇ ಸಿಗುತ್ತದೆ.

ಹೊಸದಾಗಿ ಹುಲ್ಲು ಹಾಕಿಸುವವರಿಗೂ ಇದೇ ಕಾಲ. ಒಂದು ಅಡಿ ಆಳ ಅಗೆಸಿ, ಮೊದಲ ಮಳೆಗೆ ಕಳೆ ಮೊಳೆಯಲು ಬಿಟ್ಟು, ಅದನ್ನೆಲ್ಲ ಕಿತ್ತ ಮೇಲೆ ನೆಡಿ. ಕೊನ್ನಾರಿ ಗೆಡ್ಡೆಯ ವಿಷಯದಲ್ಲಿ ಎಚ್ಚರ ಬೇಕು. ಎಲೆ ಮಾತ್ರ ಕಿತ್ತರೆ ಗೆಡ್ಡೆ ಮತ್ತೆ ಚಿಗುರುತ್ತದೆ. ಮಳೆ ಬಿದ್ದ ಮರುದಿನ ಕುರ್ಪಿಯಿಂದ ಅಗೆದು ಗೆಡ್ಡೆಸಮೇತ ತೆಗೆಯಬೇಕು. ಕಾಂಗ್ರೆಸ್ ಹುಲ್ಲನ್ನು ಹೂ ಬಿಡುವ ಮೊದಲೇ, ಕೈಗೆ ಗವಸು ತೊಟ್ಟು ಕೀಳಿ. ಅದು ಚರ್ಮಕ್ಕೆ ಅಲರ್ಜಿ ತರುತ್ತದೆ.

ಮೋಡ ಕವಿದು ಜಿಟಿಜಿಟಿ ಹಿಡಿದ ದಿನಗಳಲ್ಲಿ ದುಂಡಗಿನ ಕಂದು ತೇಪೆಗಳು ಕಂಡರೆ ಅದು ಶಿಲೀಂಧ್ರ ರೋಗವಿರಬಹುದು. ನೀರು ನಿಲ್ಲಿಸಿ, ಗೊಬ್ಬರ ನಿಲ್ಲಿಸಿ, ಬುಡದಲ್ಲಿ ಕಟ್ಟಿಕೊಂಡ ಒಣಪದರವನ್ನು ಹಲ್ಲಿನ ಕುಂಟೆಯಿಂದ ಬಾಚಿ ತೆಗೆಯಿರಿ. ಬಿಸಿಲು ಬಿದ್ದರೆ ಬಹಳಷ್ಟು ಸಲ ತಾನೇ ಸರಿಹೋಗುತ್ತದೆ.

ಗೊಣ್ಣೆ ಹುಳು ಇದೆಯೇ ನೋಡಿ

ಆಗಸ್ಟ್, ಸೆಪ್ಟೆಂಬರ್‌ನಲ್ಲಿ ಮಳೆ ಚೆನ್ನಾಗಿದ್ದೂ ಹುಲ್ಲು ತೇಪೆತೇಪೆಯಾಗಿ ಒಣಗಿದರೆ, ಗೊರವಂಕಗಳು ಬಂದು ನೆಲ ಕುಕ್ಕತೊಡಗಿದರೆ ಗೊಣ್ಣೆ ಹುಳುವಿನ ಅನುಮಾನ ಬರಬೇಕು. ಒಣಗಿದ ಜಾಗದ ಹುಲ್ಲನ್ನು ಹಿಡಿದು ಎಳೆಯಿರಿ. ಬೇರು ತಿಂದುಹೋಗಿದ್ದರೆ ಅದು ಚಾಪೆಯಂತೆ ಸುರುಳಿಯಾಗಿ ಕೈಗೆ ಬರುತ್ತದೆ. ಒಂದು ಅಡಿ ಚೌಕ ಕತ್ತರಿಸಿ ಎತ್ತಿದರೆ ಅಡಿಯಲ್ಲಿ ಕಂದು ತಲೆಯ, ಬಾಗಿ ಮಲಗಿದ ಬಿಳಿ ಹುಳುಗಳು ಕಾಣುತ್ತವೆ. ಒಂದೆರಡಿದ್ದರೆ ಹಕ್ಕಿಗಳಿಗೆ ಬಿಡಿ. ಐದಾರಕ್ಕಿಂತ ಹೆಚ್ಚಿದ್ದರೆ ಮೆಟಾರೈಜಿಯಂ ಎಂಬ ಜೈವಿಕ ಶಿಲೀಂಧ್ರದ ಪುಡಿಯನ್ನು ಕೊಟ್ಟಿಗೆ ಗೊಬ್ಬರದಲ್ಲಿ ಬೆರೆಸಿ ತೇವದ ನೆಲಕ್ಕೆ ಹಾಕಿ. ಕಬ್ಬಿನ ಗದ್ದೆಗಳಲ್ಲಿ ನಮ್ಮ ರೈತರು ಬಳಸುವುದೂ ಇದನ್ನೇ.

ಈ ಹುಳುವಿನ ತಾಯಿ ಒಂದು ದುಂಬಿ. ಮೇ ತಿಂಗಳ ಅಡ್ಡಮಳೆ ಬಿದ್ದ ಸಂಜೆ ನೆಲದಿಂದ ಎದ್ದು ಬೇವಿನ ಮರಕ್ಕೆ ಮುತ್ತಿ ಎಲೆ ತಿನ್ನುತ್ತದೆ. ಆಗ ಕೊಂಬೆ ಅಲುಗಾಡಿಸಿ, ಕೆಳಗೆ ಬಟ್ಟೆ ಹಾಸಿ ದುಂಬಿ ಹಿಡಿದರೆ ಮುಂದಿನ ತೊಂದರೆ ಅರ್ಧಕ್ಕಿಳಿಯುತ್ತದೆ. ಬೀದಿಯವರೆಲ್ಲ ಒಟ್ಟಾಗಿ ಒಂದೇ ಸಂಜೆ ಮಾಡಿದರೆ ಇನ್ನೂ ಮೇಲು.

ಹಸ್ತ, ಚಿತ್ತ, ಸ್ವಾತಿ ಮತ್ತು ಚಳಿಗಾಲ

ಬೇಸಿಗೆಗೆ ತಯಾರಿ ನಡೆಯುವುದು ಅಕ್ಟೋಬರಿನಲ್ಲಿ. ನೆಲದಲ್ಲಿ ತೇವವಿದೆ, ಬಿಸಿಲು ಹಿತವಾಗಿದೆ, ಬೇರು ಇಳಿಯಲು ಇದಕ್ಕಿಂತ ಒಳ್ಳೆಯ ಹೊತ್ತಿಲ್ಲ. ಚದರ ಮೀಟರಿಗೆ ಅರ್ಧ ಕಿಲೋ ಎರೆಹುಳು ಗೊಬ್ಬರ ಹರಡಿ. ಮಳೆ ನಿಂತ ಮೇಲೆ ನೀರಿನ ಅಂತರವನ್ನು ಮೆಲ್ಲಮೆಲ್ಲನೆ ಹೆಚ್ಚಿಸಿ. ಮೊದಲು ಐದು ದಿನಕ್ಕೆ, ನಂತರ ಎಂಟು ದಿನಕ್ಕೆ ಕೊಡಿ. ತೇವ ಹುಡುಕಿಕೊಂಡು ಬೇರು ಕೆಳಗಿಳಿಯುತ್ತದೆ. ಡಿಸೆಂಬರ್, ಜನವರಿಯಲ್ಲಿ ಬೀದರ್, ವಿಜಯಪುರದ ಕಡೆ ರಾತ್ರಿ ಚಳಿ ಬಲವಾದಾಗ ಗರಿಕೆಯ ಬಣ್ಣ ಮಾಸುತ್ತದೆ. ಅದು ಸಹಜ. ಗೊಬ್ಬರ ಹಾಕಿ ಎಬ್ಬಿಸಲು ಹೋಗಬೇಡಿ. ಹತ್ತು ಹದಿನೈದು ದಿನಕ್ಕೊಮ್ಮೆ ನೀರು ಸಾಕು.

ಯೂರಿಯಾ ಹಾಕಿದರೂ ಹಳದಿಯೇ?

ಸುಣ್ಣದಂಶ ಹೆಚ್ಚಿರುವ ಎರೆಮಣ್ಣು ಮತ್ತು ಗಡಸು ಬೋರ್‌ವೆಲ್ ನೀರು ಇರುವಲ್ಲಿ ಮಣ್ಣಿನಲ್ಲಿ ಕಬ್ಬಿಣ ಇದ್ದರೂ ಬೇರಿಗೆ ದಕ್ಕುವುದಿಲ್ಲ. ಎಳೆ ಎಲೆಯಲ್ಲಿ ನರ ಹಸಿರಾಗಿದ್ದು ನಡುವೆ ಹಳದಿ ಗೆರೆ ಕಂಡರೆ ಇದೇ ಕಾರಣ. ಅಲ್ಲಿ ಯೂರಿಯಾ ಉಪಯೋಗಕ್ಕೆ ಬರುವುದಿಲ್ಲ. ಒಂದು ಲೀಟರ್ ನೀರಿಗೆ ಐದು ಗ್ರಾಂ ಅನ್ನಭೇದಿ, ಅಂದರೆ ಫೆರಸ್ ಸಲ್ಫೇಟ್, ಮತ್ತು ಒಂದಿಷ್ಟು ನಿಂಬೆರಸ ಬೆರೆಸಿ ತಂಪು ಹೊತ್ತಿನಲ್ಲಿ ಎಲೆಗೆ ಸಿಂಪಡಿಸಿ. ಕೆಲವೇ ದಿನಗಳಲ್ಲಿ ಹಸಿರು ಮರಳುತ್ತದೆ. ಕಲ್ಲುಹಾಸಿಗೆ, ಟೈಲ್ಸಿಗೆ ಬಿದ್ದರೆ ತುಕ್ಕಿನ ಕಲೆ ಹೋಗುವುದಿಲ್ಲ, ಜೋಪಾನ. ಮಣ್ಣಿನ ಗುಣ ನಿಖರವಾಗಿ ತಿಳಿಯಬೇಕಿದ್ದರೆ ಹತ್ತಿರದ ಕೃಷಿ ವಿಜ್ಞಾನ ಕೇಂದ್ರದಲ್ಲಿ ಮಣ್ಣು ಪರೀಕ್ಷೆ ಮಾಡಿಸಿ.

ಎಷ್ಟು ಹುಲ್ಲು ಬೇಕು?

ಈ ಪ್ರಶ್ನೆಗೆ ಉತ್ತರ ನಿಮ್ಮ ಮನೆಯ ನೀರಿನಲ್ಲಿದೆ. ಏಪ್ರಿಲ್ ತಿಂಗಳಲ್ಲಿ ಮನೆಖರ್ಚು ಕಳೆದು, ಟ್ಯಾಂಕರ್ ತರಿಸದೆ, ವಾರಕ್ಕೆ ಎಷ್ಟು ಲೀಟರ್ ಉಳಿಯುತ್ತದೆಂದು ಲೆಕ್ಕ ಹಾಕಿ. ಅದನ್ನು 25ರಿಂದ ಭಾಗಿಸಿದರೆ ಸಿಗುವ ಸಂಖ್ಯೆಯೇ ನೀವು ಬೇಸಿಗೆಯಲ್ಲಿ ಹಸಿರಾಗಿ ಇಟ್ಟುಕೊಳ್ಳಬಹುದಾದ ಹುಲ್ಲುಹಾಸಿನ ಚದರ ಮೀಟರ್. 250 ಲೀಟರ್ ಉಳಿದರೆ ಹತ್ತು ಚದರ ಮೀಟರ್. ಅದಕ್ಕಿಂತ ಹೆಚ್ಚು ಜಾಗವಿದ್ದರೆ ಅಲ್ಲೊಂದು ಹೊಂಗೆಯನ್ನೋ ಬೇವನ್ನೋ ನೆಡಿ. ಬೇರು ಬಿಡುವವರೆಗೆ ಒಂದೆರಡು ವರ್ಷ ನೀರುಣಿಸಿದರೆ ಸಾಕು, ಆಮೇಲೆ ನಮ್ಮ ಬೇಸಿಗೆಯನ್ನು ಅದು ತಾನೇ ತಡೆದುಕೊಳ್ಳುತ್ತದೆ. ಅಳತೆ ಮೀರಿ ಹಾಕಿ ಒಣಗಿಸುವುದಕ್ಕಿಂತ, ಇರುವ ನೀರಿಗೆ ತಕ್ಕಷ್ಟು ಹಾಕಿ ಚೆನ್ನಾಗಿ ನೋಡಿಕೊಳ್ಳಿ.