ಚಟಪಟ ನಿಂತರೆ ಹದ ಬಂತು

ಗದ್ದೆಯ ಬದು, ತೋಟದ ಕಾಲುವೆಯ ಅಂಚು, ಹೀಗೆ ತೇವ ಇದ್ದಲ್ಲೆಲ್ಲ ಗರುಗದ ಸೊಪ್ಪು ತಾನಾಗಿ ಹುಟ್ಟುತ್ತದೆ. ಒರಟು ಎಲೆ, ಪುಟ್ಟ ಬಿಳಿ ಹೂವು. ಎಲೆಯನ್ನು ಅಂಗೈಯಲ್ಲಿ ತಿಕ್ಕಿದರೆ ಸ್ವಲ್ಪ ಹೊತ್ತಿನಲ್ಲೇ ರಸ ಕಪ್ಪಾಗುತ್ತದೆ. ಆಯುರ್ವೇದದ ಭೃಂಗರಾಜ ಇದೇ. ತಲೆಗೆ ಹಚ್ಚುವ ಎಣ್ಣೆ ಕಾಯಿಸುವ ಮನೆಗಳಲ್ಲಿ ಇದಕ್ಕೇ ಮೊದಲ ಮಣೆ.

ಸೊಪ್ಪು ಸುಲಭವಾಗಿ ಸಿಕ್ಕೀತು. ಅದರ ಸಾರವನ್ನು ಎಣ್ಣೆಗೆ ಇಳಿಸುವುದೇ ಕಸುಬು. ಇದಕ್ಕೆ ತೈಲಪಾಕ ಎಂದು ಹೆಸರು. ಶಾರ್ಙ್ಗಧರ ಸಂಹಿತೆ ಕೊಡುವ ಸಾಮಾನ್ಯ ಲೆಕ್ಕ ಹೀಗಿದೆ: ಅರೆದ ಮೂಲಿಕೆ, ಅಂದರೆ ಕಲ್ಕ, 1 ಪಾಲು, ಎಣ್ಣೆ 4 ಪಾಲು, ದ್ರವ 16 ಪಾಲು. ದ್ರವವಾಗಿ ಹಸಿ ಸೊಪ್ಪಿನ ರಸವನ್ನೇ ಹಾಕುವುದಾದರೆ ಕಲ್ಕ ಎಣ್ಣೆಯ ಎಂಟನೇ ಒಂದು ಪಾಲಿಗೆ ಇಳಿಯುತ್ತದೆ. ಹಾಗೆಂದರೆ 1 ಕಿಲೋ ಎಣ್ಣೆಗೆ 4 ಕಿಲೋ ರಸ, 125 ಗ್ರಾಂ ಕಲ್ಕ. ಶಾಸ್ತ್ರದಲ್ಲಿ ಸಾಮಾನ್ಯವಾಗಿ ಎಳ್ಳೆಣ್ಣೆ, ಕರಾವಳಿಯ ಮನೆಗಳಲ್ಲಿ ತೆಂಗಿನೆಣ್ಣೆ.

ಉರಿ ಸಣ್ಣದಿರಬೇಕು, ತಳ ಹಿಡಿಯದಂತೆ ಸೌಟು ಆಡುತ್ತಿರಬೇಕು. ಎಣ್ಣೆ, ತುಪ್ಪಗಳ ಪಾಕವನ್ನು ಒಂದೇ ದಿನದಲ್ಲಿ ಮುಗಿಸಬಾರದು ಎನ್ನುತ್ತದೆ ಅದೇ ಗ್ರಂಥ. ಪಾತ್ರೆಯಲ್ಲಿ ನೀರಿನಂಶ ಇರುವತನಕ ಶಾಖ 100 ಡಿಗ್ರಿಯ ಆಸುಪಾಸಿನಲ್ಲೇ ಉಳಿಯುತ್ತದೆ. ನೀರು ಆರಿದ್ದೇ ತಡ, ಎಣ್ಣೆ ಸರ್ರನೆ ಕಾವೇರುತ್ತದೆ. ಕಲ್ಕ ಸೀದುಹೋಗುವುದು ಆಗಲೇ. ಗಂಟೆಗಟ್ಟಲೆ ಕಾದವರ ಕಸುಬುತನ ಕೊನೆಯ ಕೆಲವು ನಿಮಿಷಗಳಲ್ಲಿ ತಿಳಿಯುತ್ತದೆ.

ಹದ ನೋಡುವುದಕ್ಕೆ ಉಪಕರಣ ಬೇಕಿಲ್ಲ. ಸೌಟಿನಿಂದ ಚೂರು ಕಲ್ಕ ತೆಗೆದು, ಆರಿಸಿ, ಬೆರಳುಗಳ ನಡುವೆ ಹೊಸೆಯುತ್ತಾರೆ. ಅಂಟದೆ ಬತ್ತಿಯಂತೆ ಹೊರಳಿದರೆ ಪಾಕ ಹತ್ತಿರ ಬಂತು. ಆ ಬತ್ತಿಯನ್ನು ಉರಿಗೆ ಹಿಡಿಯುತ್ತಾರೆ. ಚಟಪಟ ಎಂದರೆ ನೀರು ಇನ್ನೂ ಇದೆ. ಸದ್ದಿಲ್ಲದೆ ಉರಿದರೆ ಇಳಿಸಬಹುದು. ಆ ಹೊತ್ತಿಗೆ ಎಣ್ಣೆಯ ಮೇಲೆ ನೊರೆಯೂ ಏಳುತ್ತದೆ. ತುಪ್ಪದಲ್ಲಿ ಇದು ತಿರುವುಮುರುವು, ಅಲ್ಲಿ ನೊರೆ ಅಡಗಿದಾಗ ಹದ. ಬಳಕೆಗೆ ತಕ್ಕಂತೆ ಹದವೂ ಬೇರೆ: ಮೂಗಿಗೆ ಬಿಡುವುದಕ್ಕೆ ಮೃದುಪಾಕ, ಮೈಗೆ ತಿಕ್ಕುವುದಕ್ಕೆ ಖರಪಾಕ. ಅದನ್ನೂ ಮೀರಿ ಸುಟ್ಟದ್ದು ಯಾವುದಕ್ಕೂ ಬಾರದು.

ಈ ಪರೀಕ್ಷೆಗಳ ಹಿಂದಿನ ಕಾರಣ ನೇರವಾದದ್ದು. ನೀರು ಉಳಿದ ಎಣ್ಣೆ ಬೇಗ ಕೆಡುತ್ತದೆ, ಮುಗ್ಗಲು ವಾಸನೆ ಬರುತ್ತದೆ. 1902ರಲ್ಲಿ ಪಿ.ಎಸ್. ವಾರಿಯರ್ ಆರಂಭಿಸಿದ ಕೋಟ್ಟಕ್ಕಲ್‌ನ ಆರ್ಯ ವೈದ್ಯಶಾಲೆಯಂಥ ಸಂಸ್ಥೆಗಳು ತೈಲ ತಯಾರಿಕೆಯನ್ನು ದೊಡ್ಡ ಪ್ರಮಾಣಕ್ಕೆ ಒಯ್ದವು. ಪಾತ್ರೆ ದೊಡ್ಡದಾದರೂ ನೀರು ಆರಲೇಬೇಕು, ಕಲ್ಕ ಸೀಯಬಾರದು.

ಹಚ್ಚಿದರೆ ಬೋಳುತಲೆಯಲ್ಲಿ ಕೂದಲು ಬಂದೀತೆ? ಅಷ್ಟು ದೊಡ್ಡ ಮಾತನ್ನು ಜಾಹೀರಾತಿಗೆ ಬಿಡೋಣ. ತೆಂಗಿನೆಣ್ಣೆಯ ಲಾರಿಕ್ ಆಮ್ಲ ಕೂದಲಿನ ಎಳೆಯೊಳಗೆ ಇಳಿದು, ತೊಳೆಯುವಾಗ ಪ್ರೋಟೀನ್ ನಷ್ಟವಾಗುವುದನ್ನು ತಗ್ಗಿಸುತ್ತದೆ ಎಂಬುದು ಪ್ರಯೋಗದಲ್ಲಿ ಕಂಡುಬಂದಿದೆ. ಇರುವ ಕೂದಲನ್ನು ಕಾಪಾಡುವುದೂ ಸಣ್ಣ ಉಪಕಾರವಲ್ಲ.

ಮನೆಯಲ್ಲಿ ಕಾಯಿಸುವವರು ಕಳೆನಾಶಕ ಬೀಳದ ಜಾಗದ ಸೊಪ್ಪನ್ನೇ ಕೀಳಲಿ, ಸೋಸಿದ ಎಣ್ಣೆಯನ್ನು ಒಣಗಿದ ಬಾಟಲಿಗೇ ತುಂಬಲಿ. ಮೊದಲ ಸಲ ಮೊಣಕೈಯ ಒಳಬದಿಗೆ ಸ್ವಲ್ಪ ಹಚ್ಚಿ ಒಂದು ದಿನ ಕಾಯಿರಿ. ತುರಿಕೆ ಇಲ್ಲದಿದ್ದರೆ ತಲೆಗೆ.