ಕೋವಿ ಬಸ್ ಹತ್ತಿದಾಗ

ಮಲೆನಾಡಿನ ನಮಗೆ ರಾತ್ರಿ ಬಸ್ಸೆಂದರೆ ಅರ್ಧ ಅಂಚೆ ಕಚೇರಿ. ಬೆಂಗಳೂರಿನಲ್ಲಿ ಓದುವ ಮಗನಿಗೆ ಹಲಸಿನ ಹಪ್ಪಳ, ಊರಿನ ಅಜ್ಜಿಗೆ ಬೆಂಗಳೂರಿನ ಕನ್ನಡಕ, ಮಿಡಿ ಉಪ್ಪಿನಕಾಯಿಯ ಜಾಡಿ, ಪಂಪ್‌ಸೆಟ್ಟಿನ ಬಿಡಿಭಾಗ, ಎಲ್ಲವೂ ಅದರಲ್ಲೇ ಹೋಗಿ ಬರುತ್ತವೆ. ಡ್ರೈವರ್ ಕೈಗೆ ಕೊಟ್ಟು ‘ಸ್ವಲ್ಪ ಜೋಪಾನ ಮಾರಾಯ್ರೇ’ ಎಂದರೆ ಕೆಲಸ ಮುಗಿಯಿತು. ಹಾಗಾಗಿ ಇಪ್ಪತ್ತು ವರ್ಷಗಳ ಹಿಂದೆ ಒಂದು ದಿನ ಕೊಪ್ಪದ ಕಡೆಯ ನನ್ನ ಚಿಕ್ಕಪ್ಪ ಫೋನ್ ಮಾಡಿ, ‘ಕೋವಿ ರಿಪೇರಿ ಆಗಿದೆಯಂತೆ ಕಣೋ. ಅಂಗಡಿಯಿಂದ ತಗೊಂಡು ರಾತ್ರಿ ಬಸ್ಸಿಗೆ ಹಾಕಿಬಿಡು. ಬೆಳಿಗ್ಗೆ ನಾನು ಇಳಿಸ್ಕೊಳ್ತೇನೆ’ ಎಂದಾಗ ನನಗೆ ಏನೂ ವಿಚಿತ್ರ ಅನ್ನಿಸಲಿಲ್ಲ.

ವಿಚಿತ್ರ ಅನ್ನಿಸಿದ್ದು ಕೋವಿ ಅಂಗಡಿಯ ಯಜಮಾನರಿಗೆ. ಕನ್ನಡಕ ತೆಗೆದು ಮೇಜಿನ ಮೇಲಿಟ್ಟು ನನ್ನನ್ನೇ ನೋಡಿದರು. ‘ಹಪ್ಪಳದ ಕಟ್ಟು ಕಳೆದರೆ ನಿಮ್ಮ ಚಿಕ್ಕಮ್ಮ ಇನ್ನೊಂದು ಕಟ್ಟು ಮಾಡ್ತಾರೆ. ಇದು ಕಳೆದರೆ ಚಿಕ್ಕಪ್ಪ ಸ್ಟೇಷನ್ನಿಗೆ ಹೋಗಬೇಕು, ನಾನೂ ಹೋಗಬೇಕು, ನೀವೂ ಬರಬೇಕು’ ಎಂದರು.

ಅವರು ಹೇಳಿದ್ದರಲ್ಲಿ ಉತ್ಪ್ರೇಕ್ಷೆ ಇರಲಿಲ್ಲ. 1959ರ ಶಸ್ತ್ರಾಸ್ತ್ರ ಕಾಯ್ದೆಯ ಪ್ರಕಾರ ಲೈಸೆನ್ಸು ಇರುವುದು ಮನುಷ್ಯನಿಗೆ. ಆತನ ಮನೆಗಲ್ಲ, ಅಣ್ಣನ ಮಗನಿಗೂ ಅಲ್ಲ. ಆದರೆ ಅದೇ ಕಾಯ್ದೆಯ ಮೂರನೇ ಸೆಕ್ಷನ್ನಿನಲ್ಲಿ ಒಂದು ಸಣ್ಣ ಕಿಂಡಿ ಇದೆ. ಲೈಸೆನ್ಸುದಾರ ಜೊತೆಯಲ್ಲಿದ್ದರೆ, ಅಥವಾ ಆತ ಲಿಖಿತ ಒಪ್ಪಿಗೆ ಕೊಟ್ಟಿದ್ದರೆ, ರಿಪೇರಿಗೋ ಲೈಸೆನ್ಸು ನವೀಕರಣಕ್ಕೋ ಆತನ ಬಳಕೆಗೋ ಇನ್ನೊಬ್ಬರು ಕೋವಿಯನ್ನು ಒಯ್ಯಬಹುದು. ಬಸ್ಸಿನ ಡ್ರೈವರಿಗೆ ಅಂಥ ಕಾಗದವನ್ನು ಯಾರು ಬರೆದುಕೊಡುತ್ತಾರೆ? ಬಿಡಿಬಿಡಿಯಾಗಿ ಕಳಿಸಿದರೆ ನಡೆದೀತೇ ಎಂದು ನಾನು ಜಾಣತನ ತೋರಿಸಿದೆ. ಕಾಯ್ದೆ ಕೋವಿಯ ಬಿಡಿಭಾಗವನ್ನೂ ಕೋವಿಯೆಂದೇ ಲೆಕ್ಕ ಹಿಡಿಯುತ್ತದೆ ಎಂದು ಯಜಮಾನರು ಆ ಜಾಣತನಕ್ಕೂ ನೀರು ಸುರಿದರು. ಪಾರ್ಸೆಲ್ ಮಾಡಿ ಬೇರೆಯವರ ಕೈಯಲ್ಲಿ ಸಾಗಿಸುವುದಕ್ಕೆ ಪ್ರತ್ಯೇಕ ಸಾಗಣೆ ಲೈಸೆನ್ಸು, ಅದರ ಷರತ್ತುಗಳು ಬೇರೆ. ಅದು ವ್ಯಾಪಾರಿಗಳ ದಾರಿ. ನಮ್ಮಂಥವರಿಗೆ ಇರುವುದು ಕೈಯಲ್ಲಿ ಹಿಡಿದು ಹೋಗುವ ದಾರಿಯೊಂದೇ.

ನಾಲ್ಕು ದಿನ ಕಳೆದು ಚಿಕ್ಕಪ್ಪನ ಸಹಿ ಇದ್ದ ಕಾಗದವೂ ಲೈಸೆನ್ಸಿನ ಪ್ರತಿಯೂ ಬಂದವು. ಕಾಗದದ ಕೆಲಸ ಇಷ್ಟು ಕ್ರಮವಾಗಿ ಆದ ಮೇಲೆ ಕಟ್ಟುವ ಕೆಲಸದಲ್ಲಿ ನಾನು ಎಡವಿದೆ.

ಟ್ಯೂಬ್‌ಲೈಟ್ ಪೆಟ್ಟಿಗೆ

ಕೋವಿಯನ್ನು ಬಿಚ್ಚಿ ಕೊಡುತ್ತೇನೆ ಎಂದು ಯಜಮಾನರು ಎರಡು ಸಲ ಹೇಳಿದರು. ಊರಿನಲ್ಲಿ ಜೋಡಿಸಲು ಬರದಿದ್ದರೆ ಏನು ಗತಿ ಎಂದು ನಾನೇ ಬೇಡವೆಂದೆ. ನಾಲ್ಕಡಿಯ ಟ್ಯೂಬ್‌ಲೈಟುಗಳು ಬರುವ ಉದ್ದನೆಯ ರಟ್ಟಿನ ಪೆಟ್ಟಿಗೆಯನ್ನು ಎಲೆಕ್ಟ್ರಿಕ್ ಅಂಗಡಿಯಿಂದ ಬೇಡಿ ತಂದು, ಹಳೆಯ ಪತ್ರಿಕೆಗಳನ್ನು ಉಂಡೆ ಮಾಡಿ ತುಂಬಿ, ಜೋಡು ನಳಿಗೆಯ ಕೋವಿಯನ್ನು ಇಡಿಯಾಗಿ ಮಲಗಿಸಿದೆ. ಅಳತೆ ಮಾಡಿಸಿದಂತೆ ಕೂತಿತು. ನನ್ನ ಬುದ್ಧಿಗೆ ನಾನೇ ಮೆಚ್ಚಿದೆ.

ಅಷ್ಟುದ್ದದ ಪೆಟ್ಟಿಗೆ ಸೀಟಿನ ಪಕ್ಕ ಹಿಡಿಸಲಿಲ್ಲ. ಕಂಡಕ್ಟರ್ ಡಿಕ್ಕಿಗೆ ಹಾಕಿಸಿದ. ಒಳಗೇನಿದೆ ಎಂದು ಅವನು ಕೇಳಲಿಲ್ಲ, ನಾನು ಹೇಳಲಿಲ್ಲ. ಲಗೇಜ್ ಟಿಕೆಟ್ ಅವನು ಕೊಡಲಿಲ್ಲ, ನಾನು ಬೇಡಲಿಲ್ಲ. ನಸುಕಿನಲ್ಲಿ ಚಿಕ್ಕಮಗಳೂರಿನ ನಿಲ್ದಾಣದಲ್ಲಿ ಎಚ್ಚರವಾಗಿ ಕಿಟಕಿಯಿಂದ ನೋಡಿದರೆ ಡಿಕ್ಕಿಯ ಸಾಮಾನೆಲ್ಲ ಕೆಳಗಿದೆ, ನನ್ನ ಪೆಟ್ಟಿಗೆ ಕಾಣುತ್ತಿಲ್ಲ. ಚಪ್ಪಲಿ ಹಾಕದೆ ಇಳಿದು ಓಡಿದೆ. ಯಾರದೋ ಮೂಟೆಗಳ ಜೊತೆ ಅದೂ ಒಂದು ಆಟೋದ ಕಡೆಗೆ ಹೊರಟಿತ್ತು. ‘ಟ್ಯೂಬ್‌ಲೈಟಲ್ವಾ ಸಾರ್, ಅವರದ್ದೇ ಅಂದ್ಕೊಂಡೆ’ ಎಂದ ಹಮಾಲಿ. ಆ ಎರಡು ನಿಮಿಷ ನನ್ನ ಎದೆ ಹೊಡೆದುಕೊಂಡದ್ದು ಈಗಲೂ ನೆನಪಿದೆ.

ಮನೆಗೆ ಹೋಗಿ ಜಗಲಿಯಲ್ಲಿ ಪೆಟ್ಟಿಗೆ ಬಿಚ್ಚಿದಾಗ ಗೊತ್ತಾಯಿತು, ಡಿಕ್ಕಿಯಲ್ಲಿ ಅದರ ಮೇಲೆ ಪಂಪ್‌ಸೆಟ್ ಒಂದನ್ನು ಇಟ್ಟಿದ್ದರು ಎಂದು. ನಳಿಗೆಗೆ ಏನೂ ಆಗಿರಲಿಲ್ಲ. ಮರದ ಬಟ್ಟು, ನಾವು ಕೈಯಿಂದ ಹಿಡಿಯುವ ತೆಳುವಾದ ಕುತ್ತಿಗೆಯಲ್ಲಿ ಉದ್ದಕ್ಕೆ ಸೀಳಿತ್ತು. ಚಿಕ್ಕಪ್ಪ ಬೈಯಲಿಲ್ಲ. ಸೀಳಿನ ಮೇಲೆ ಹೆಬ್ಬೆರಳು ಆಡಿಸುತ್ತಾ, ‘ಅಪ್ಪಯ್ಯನ ಕೈ ಸವೆದ ಜಾಗ’ ಎಂದು ಒಳಗೆ ಹೋದರು. ಬೈದಿದ್ದರೆ ಒಳ್ಳೆಯದಿತ್ತು.

ಮರುದಿನ ಪರಿಹಾರ ಕೇಳೋಣವೆಂದು ಹೊರಟರೆ ಮೊದಲ ಪ್ರಶ್ನೆಯೇ ‘ಲಗೇಜ್ ಟಿಕೆಟ್ ತೋರಿಸಿ’. ಎರಡನೆಯದು ‘ಪೆಟ್ಟಿಗೆ ಎಲ್ಲಿ’. ಪೆಟ್ಟಿಗೆಯನ್ನು ಚಿಕ್ಕಮ್ಮ ಅದಾಗಲೇ ಬಚ್ಚಲೊಲೆಗೆ ಹಾಕಿ ನೀರು ಕಾಯಿಸಿದ್ದರು.

ಮುರಿಯುವುದು ಎಲ್ಲಿ, ಯಾಕೆ

ಆಮೇಲೆ ರಿಪೇರಿಗೆಂದು ಮತ್ತೆ ಹೋದಾಗ ಯಜಮಾನರು ಸಾವಧಾನವಾಗಿ ವಿವರಿಸಿದರು. ಕೋವಿಯ ಕಬ್ಬಿಣದ ಭಾರವೆಲ್ಲ ಮುಂದೆ, ಮರವೆಲ್ಲ ಹಿಂದೆ. ಎರಡೂ ಸೇರುವ ಕುತ್ತಿಗೆಯಲ್ಲಿ ಟ್ರಿಗರಿನ ಯಂತ್ರ ಕೂರಿಸಲು ಮರವನ್ನು ಒಳಗಿಂದ ಕೊರೆದಿರುತ್ತಾರೆ. ಉಳಿದಿರುವುದು ಸಿಪ್ಪೆಯಷ್ಟೇ. ಮಲಗಿಸಿದ ಕೋವಿಯ ನಡುವೆ ಭಾರ ಬಿದ್ದರೆ ಅದು ಬೇರೆಲ್ಲೂ ಮುರಿಯುವುದಿಲ್ಲ.

ಜೋಡು ನಳಿಗೆಯ ಕೋವಿಗೆ ಮದ್ದು ಅದರ ರಚನೆಯಲ್ಲೇ ಇದೆ. ನಳಿಗೆ, ನಳಿಗೆಯ ಕೆಳಗಿನ ಮುಂಗೈ ಮರ, ಬಟ್ಟಿನ ಭಾಗ ಎಂದು ಸಲಕರಣೆಯಿಲ್ಲದೆ ಮೂರಾಗಿ ಬಿಚ್ಚಿಕೊಳ್ಳುತ್ತದೆ. ಮೊದಲು ಒಳಗೆ ತೋಟಾ ಇಲ್ಲವೆಂದು ಕಣ್ಣಿನಿಂದ ನೋಡಿ, ಬೆರಳಿನಿಂದ ಮುಟ್ಟಿ ಖಾತ್ರಿ ಮಾಡಿಕೊಳ್ಳಬೇಕು. ಆಮೇಲೆ ಬಿಚ್ಚಿ, ಒಂದೊಂದನ್ನೂ ಬೇರೆ ಬೇರೆ ಬಟ್ಟೆಯಲ್ಲಿ ಸುತ್ತಿ, ಗಟ್ಟಿ ಪೆಟ್ಟಿಗೆಯಲ್ಲಿ ಒಂದು ಇನ್ನೊಂದಕ್ಕೆ ತಾಗದಂತೆ ಇಟ್ಟರೆ ಉದ್ದ ಎರಡೂವರೆ ಅಡಿಯ ಆಸುಪಾಸಿಗೆ ಇಳಿಯುತ್ತದೆ. ಆಗ ಡಿಕ್ಕಿಯ ಗೊಡವೆಯೇ ಇಲ್ಲ, ಕಾಲ ಬಳಿಯೇ ಇಟ್ಟುಕೊಳ್ಳಬಹುದು. ಪೆಟ್ಟಿಗೆಯನ್ನು ಮುಚ್ಚಿ ಅಲುಗಾಡಿಸಿದಾಗ ಒಳಗೆ ಸದ್ದು ಬಂದರೆ ಮತ್ತೆ ಬಿಚ್ಚಬೇಕು. ನಳಿಗೆಯ ತುದಿಯ ಕಡೆ ಒಂದು ಹಲಗೆ ತುಂಡು ಇಡದಿದ್ದರೆ ಪೆಟ್ಟಿಗೆ ನೆಟ್ಟಗೆ ಬಿದ್ದಾಗ ಕಬ್ಬಿಣ ರಟ್ಟನ್ನು ತೂತು ಮಾಡಿಕೊಂಡು ಹೊರಬರುತ್ತದೆ. ಕೇಪಿನ ಕೋವಿಗಳಿಗೆ ಈ ಬಿಚ್ಚುವ ಸೌಲಭ್ಯ ಸುಲಭವಲ್ಲ. ಅವಕ್ಕೆ ಪೂರಾ ಉದ್ದದ ಮರದ ಪೆಟ್ಟಿಗೆಯೇ ಗತಿ. ಮದ್ದು, ಕೇಪು, ತೋಟಾ ಯಾವುದೂ ಕೋವಿಯ ಪೆಟ್ಟಿಗೆಯಲ್ಲಿ ಇರಕೂಡದು.

ಮಲೆನಾಡಿಗೆ, ಕೊಡಗಿಗೆ ವಿಶೇಷವಾದ ಶತ್ರು ಇನ್ನೊಂದಿದೆ. ಮಳೆ ತಾಗಬಾರದೆಂದು ಪ್ಲಾಸ್ಟಿಕ್ಕಿನಲ್ಲಿ ಬಿಗಿಯಾಗಿ ಸುತ್ತುತ್ತೇವೆ. ಒಳಗೆ ಸಿಕ್ಕಿಬಿದ್ದ ತೇವ ಬೆವರಿನಂತೆ ಕಬ್ಬಿಣದ ಮೇಲೆ ಕೂತು, ಒಂದು ವಾರದಲ್ಲಿ ಕೆಂಪು ಚುಕ್ಕೆ ಎದ್ದಿರುತ್ತದೆ. ತೆಳುವಾಗಿ ಎಣ್ಣೆ ಸವರಿದ ಹತ್ತಿ ಬಟ್ಟೆ, ಜೊತೆಗೆ ತೇವ ಹೀರುವ ಸಿಲಿಕಾ ಜೆಲ್ ಪೊಟ್ಟಣ ಸಾಕು. ತಲುಪಿದ ದಿನವೇ ಹೊರತೆಗೆದು ಒರೆಸಬೇಕು. ಚೆಂದದ ಚರ್ಮದ ಚೀಲವೂ ಪ್ರಯಾಣಕ್ಕೆ ಮಾತ್ರ. ಅದರಲ್ಲೇ ಮಳೆಗಾಲ ಕಳೆಯಲು ಬಿಟ್ಟರೆ ಚರ್ಮ ಹದ ಮಾಡಿದ ಉಪ್ಪು, ತೇವ ಸೇರಿ ಕಬ್ಬಿಣವನ್ನು ತಿನ್ನುತ್ತವೆ. ದೂಳು ಹೋಗದಿರಲೆಂದು ನಳಿಗೆಯ ಬಾಯಿಗೆ ಬಟ್ಟೆ ತುರುಕುವವರಿದ್ದಾರೆ. ತೆಗೆಯಲು ಮರೆತು ಗುಂಡು ಹಾರಿಸಿದರೆ ನಳಿಗೆಯೇ ಸಿಡಿಯಬಹುದು.

ಪೆಟ್ಟಿಗೆಯ ಮೇಲೆ ‘ಕೋವಿ’ ಎಂದು ಬರೆಯಬೇಕೇ? ಕೈಯಲ್ಲಿ ಒಯ್ಯುವ ಪೆಟ್ಟಿಗೆಗೆ ಅಂಥ ಡಂಗುರ ಬೇಡ. ಅಮೆರಿಕದಲ್ಲಂತೂ ಪೆಟ್ಟಿಗೆಯ ಹೊರಗೆ ಹಾಗೆ ಚೀಟಿ ಅಂಟಿಸಬೇಕೆಂದು ಸಾಗಣೆದಾರರು ಒತ್ತಾಯಿಸುವುದನ್ನು ಕಾನೂನೇ ನಿಷೇಧಿಸಿದೆ, ಕಳ್ಳರಿಗೆ ಆಹ್ವಾನವಾಗುತ್ತದೆಂದು. ಆದರೆ ಸಾಗಿಸುವವರಿಗೆ ಹೇಳದೆ ಮುಚ್ಚಿಡುವುದು ಬೇರೆ ಮಾತು. ನಾನು ಮಾಡಿದ ತಪ್ಪು ಅದು.

ವಿಮಾನದಲ್ಲಿ ಹೋಗುವ ಶೂಟರುಗಳಿಗೆ ಮುಚ್ಚಿಡುವ ಪ್ರಶ್ನೆಯೇ ಇಲ್ಲ. ಮೊದಲೇ ತಿಳಿಸಿ, ಕಾಗದ ತೋರಿಸಿ, ಖಾಲಿ ಆಯುಧವನ್ನು ಬೀಗ ಹಾಕಿದ ಪೆಟ್ಟಿಗೆಯಲ್ಲಿ ಚೆಕ್-ಇನ್ ಲಗೇಜಿಗೆ ಕೊಡಬೇಕು. ತೋಟಾಗಳು ಪ್ರತ್ಯೇಕ, ಅಂತರರಾಷ್ಟ್ರೀಯ ನಿಯಮದಂತೆ ಒಬ್ಬರಿಗೆ ಪ್ಯಾಕಿಂಗ್ ಸೇರಿ 5 ಕಿಲೋ ಮೀರುವಂತಿಲ್ಲ. ಇಬ್ಬರ ಪಾಲು ಒಟ್ಟುಗೂಡಿಸುವಂತೆಯೂ ಇಲ್ಲ. ಎಲ್ಲ ಸರಿಯಿದ್ದರೂ ಕಿರಿಕಿರಿ ತಪ್ಪಿದ್ದಲ್ಲ. 2021ರ ಫೆಬ್ರವರಿಯಲ್ಲಿ ಭೋಪಾಲಕ್ಕೆ ಹೊರಟಿದ್ದ ಮನು ಭಾಕರ್ ಅವರನ್ನೇ ಪಿಸ್ತೂಲಿನ ಕಾಗದ, ಶುಲ್ಕದ ವಿಚಾರವಾಗಿ ದೆಹಲಿ ವಿಮಾನ ನಿಲ್ದಾಣದಲ್ಲಿ ತಡೆದದ್ದು ದೊಡ್ಡ ಸುದ್ದಿಯಾಗಿತ್ತು.

ಪರಿಹಾರದ ಲೆಕ್ಕ

ಸಾಗಣೆಯಲ್ಲಿ ಹಾಳಾದರೆ ಎಷ್ಟು ಸಿಗುತ್ತದೆ? ಈ ಲೆಕ್ಕ ನೋಡಿದರೆ ನಗು ಬರುತ್ತದೆ. ರೈಲಿನಲ್ಲಿ ಲಗೇಜನ್ನು ಬುಕ್ ಮಾಡಿ ರಸೀದಿ ಪಡೆಯದಿದ್ದರೆ 1989ರ ರೈಲ್ವೆ ಕಾಯ್ದೆಯ ನೂರನೇ ಸೆಕ್ಷನ್ ಪ್ರಕಾರ ರೈಲ್ವೆಗೆ ಹೊಣೆಯಿಲ್ಲ. ನಾವೇ ಪಕ್ಕದಲ್ಲಿಟ್ಟುಕೊಂಡದ್ದಾದರೆ ರೈಲ್ವೆಯ ನಿರ್ಲಕ್ಷ್ಯವನ್ನೂ ನಾವೇ ಸಾಬೀತು ಮಾಡಬೇಕು. ಬುಕ್ ಮಾಡಿದ ಲಗೇಜಿಗೂ, ಬೆಲೆ ಘೋಷಿಸಿ ಹೆಚ್ಚಿನ ಶುಲ್ಕ ಕಟ್ಟದಿದ್ದರೆ, 1990ರ ನಿಯಮ ಇಟ್ಟಿರುವ ಮಿತಿ ಕಿಲೋಗೆ 100 ರೂಪಾಯಿ. ಪೆಟ್ಟಿಗೆ ಸೇರಿ ಐದು ಕಿಲೋ ತೂಗುವ ಅಜ್ಜನ ಕಾಲದ ಸಾಮಾನಿಗೆ 500 ರೂಪಾಯಿ! ಲಾರಿ ಪಾರ್ಸೆಲ್ ಕಂಪನಿಗಳಿಗೆ ಅನ್ವಯಿಸುವ 2007ರ ರಸ್ತೆ ಸಾಗಣೆ ಕಾಯ್ದೆಯಲ್ಲೂ ಹಾಗೆಯೇ. ಹೆಚ್ಚಿನ ಬೆಲೆ ಬರೆಸದಿದ್ದರೆ ಕೊಟ್ಟ ಬಾಡಿಗೆಯ ಹತ್ತು ಪಟ್ಟು ಮಾತ್ರ, ಅದೂ ಬುಕ್ ಮಾಡಿದ 180 ದಿನಗಳೊಳಗೆ ಲಿಖಿತ ನೋಟಿಸು ಕೊಟ್ಟಿದ್ದರೆ.

ವಿದೇಶಿ ವಿಮಾನಯಾನಕ್ಕೆ ಮಾಂಟ್ರಿಯಲ್ ಒಪ್ಪಂದ ಇದೆ. ಭಾರತ ಅದಕ್ಕೆ ಸೇರಿದ್ದು 2009ರಲ್ಲಿ. 2024ರ ಡಿಸೆಂಬರ್ ಕೊನೆಯಿಂದ ಅದರಡಿ ಲಗೇಜಿನ ಹೊಣೆಯ ಮಿತಿ ಒಬ್ಬ ಪ್ರಯಾಣಿಕನಿಗೆ 1519 ಎಸ್‌ಡಿಆರ್, ಅಂದರೆ ಸುಮಾರು 2000 ಡಾಲರ್. ಸ್ಪರ್ಧೆಯ ರೈಫಲ್ಲುಗಳ ಬೆಲೆ ಇದನ್ನು ಸುಲಭವಾಗಿ ದಾಟುವುದರಿಂದ ಬಲ್ಲವರು ಕೌಂಟರಿನಲ್ಲೇ ಹೆಚ್ಚಿನ ಮೌಲ್ಯ ಘೋಷಿಸುತ್ತಾರೆ. ಲಗೇಜಿಗೆ ಜಖಂ ಆಗಿದ್ದರೆ ಕೈಗೆ ಬಂದ 7 ದಿನಗಳೊಳಗೆ ಲಿಖಿತ ದೂರು ಹೋಗಲೇಬೇಕು. ಬೆಲ್ಟಿನ ಬಳಿಯಲ್ಲೇ ಪೆಟ್ಟಿಗೆ ಜಖಂ ಆಗಿದೆಯೇ ನೋಡಿ ವರದಿ ಬರೆಸಿಕೊಂಡರೆ ಉತ್ತಮ. ಟ್ರಾನ್ಸಿಟ್ ವಿಮೆ ಮಾಡಿಸಿದ್ದೇನೆ ಎಂದು ನಿಶ್ಚಿಂತರಾಗುವಂತಿಲ್ಲ. ಪ್ಯಾಕಿಂಗ್ ಸಾಲದು ಎಂದು ತೋರಿದರೆ ವಿಮೆಯವರು ಕೈ ತೊಳೆದುಕೊಳ್ಳಲು ಪಾಲಿಸಿಯಲ್ಲೇ ಅವಕಾಶವಿರುತ್ತದೆ. ನನ್ನ ಟ್ಯೂಬ್‌ಲೈಟ್ ಪೆಟ್ಟಿಗೆ ಅವರ ಕಣ್ಣಿಗೆ ಬಿದ್ದಿದ್ದರೆ ಸಾಕಿತ್ತು.

ಕಳೆದೇ ಹೋದರೆ ಪರಿಹಾರದ ಮಾತು ಆಮೇಲೆ. ಮೊದಲು ಹತ್ತಿರದ ಪೊಲೀಸ್ ಠಾಣೆ, ಕೂಡಲೇ ಲೈಸೆನ್ಸು ಕೊಟ್ಟ ಅಧಿಕಾರಿಗೆ ಲಿಖಿತ ಮಾಹಿತಿ. ಆ ಕೋವಿ ನಾಳೆ ಯಾವ ಕೈಯಲ್ಲಿ ಏನು ಮಾಡೀತೋ, ದಾಖಲೆಯಲ್ಲಿ ಇರುವುದು ನಿಮ್ಮ ಹೆಸರು. ಠಾಣೆಯಲ್ಲಿ ಕೇಳುವ ಮೊದಲ ವಿಷಯ ಕೋವಿಯ ನಂಬರು. ಹೊರಡುವ ಮೊದಲು ನಂಬರಿನ, ಬಟ್ಟಿನ, ಕಟ್ಟಿದ ಪೆಟ್ಟಿಗೆಯ ಫೋಟೋ ತೆಗೆದಿಡಲು ಈಗ ಜೇಬಿನ ಫೋನೇ ಸಾಕು.

ಕೊಡಗಿನವರಿಗೆ ಇದೆಲ್ಲ ಬೇಡವಲ್ಲ ಎಂದು ಕೇಳುವವರುಂಟು. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಲೈಸೆನ್ಸಿನಿಂದ ವಿನಾಯಿತಿ ಇರುವುದು ನಿಜ. ಕೇಂದ್ರ ಸರ್ಕಾರ 2019ರಲ್ಲಿ ಅದನ್ನು 2029ರ ಅಕ್ಟೋಬರ್‌ವರೆಗೆ ಮುಂದುವರಿಸಿತು, 2021ರಲ್ಲಿ ಹೈಕೋರ್ಟೂ ಎತ್ತಿಹಿಡಿಯಿತು. ಕೈಲ್‌ಪೊಳ್ದ್ ದಿನ ಹೂ ಮುಡಿಸಿ ಪೂಜಿಸುವ ಆ ಕೋವಿಯೂ ಜಿಲ್ಲೆಯ ಗಡಿ ದಾಟುವಾಗ ವಿನಾಯಿತಿ ಪತ್ರ ಜೊತೆಗಿರಬೇಕು, ಎಷ್ಟು ಒಯ್ಯಬಹುದೆಂಬುದಕ್ಕೂ ಮಿತಿಯಿದೆ. ಇನ್ನು ಬಟ್ಟಿನ ಕುತ್ತಿಗೆ ಯಾವ ವಿನಾಯಿತಿಯನ್ನೂ ಕೇಳುವುದಿಲ್ಲ.

ಮಲೆನಾಡು, ಕರಾವಳಿಯ ಕೃಷಿಕರಿಗೆ ಬೇಕಿರಲಿ ಬಿಡಲಿ ಬರುವ ಕೋವಿಯಾತ್ರೆ ಚುನಾವಣೆಯದು. ಮಂಗ, ಹಂದಿ ತೋಟಕ್ಕೆ ನುಗ್ಗುವ ಕಾಲದಲ್ಲೇ ಕೋವಿ ಠಾಣೆಗೆ ಹೋಗಬೇಕು. ತಿಂಗಳೆರಡು ತಿಂಗಳು ಗೋಡೆಗೆ ಒರಗಿಸಿಟ್ಟ ರಾಶಿಯಿಂದ ನಮ್ಮದನ್ನು ಹುಡುಕಿ ತಂದರೆ ಎಲ್ಲೋ ಗೀರು, ಎಲ್ಲೋ ತುಕ್ಕು. ಠೇವಣಿಯ ರಸೀದಿಯಲ್ಲಿ ನಂಬರಿನ ಜೊತೆ ‘ಬಟ್ಟು ಸುಸ್ಥಿತಿಯಲ್ಲಿದೆ’ ಎಂದು ಬರೆಸಿಕೊಳ್ಳುವವರನ್ನು ನಾನು ಕಂಡಿಲ್ಲ. ಲೈಸೆನ್ಸು ಪಡೆದ ಕೋವಿ ಅಂಗಡಿಯಲ್ಲೂ ಠೇವಣಿ ಇಡಲು ಕಾಯ್ದೆಯಲ್ಲಿ ಅವಕಾಶವಿದೆ. ಬಾಡಿಗೆ ಕೊಡಬೇಕು, ಅಷ್ಟೇ.

ಚಿಕ್ಕಪ್ಪನ ಕೋವಿಗೆ ಹೊಸ ಬಟ್ಟು ಹಾಕಿಸೋಣ, ಖರ್ಚು ನನ್ನದು ಎಂದೆ. ಒಪ್ಪಲಿಲ್ಲ. ಯಜಮಾನರು ಸೀಳಿನೊಳಗೆ ಅಂಟು ಇಳಿಸಿ, ಪಿನ್ನು ಕೂರಿಸಿ, ಮೇಲೆ ಹಿತ್ತಾಳೆಯ ತೆಳು ಪಟ್ಟಿ ಸುತ್ತಿ ಕೊಟ್ಟರು. ಅದನ್ನು ತರಲು ಚಿಕ್ಕಪ್ಪ ತಾವೇ ಬೆಂಗಳೂರಿಗೆ ಬಂದರು, ಮೂರು ತುಂಡು ಮಾಡಿಸಿ, ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡೇ ಊರಿಗೆ ಹೋದರು. ಈಗಲೂ ನಾನು ಬಸ್ಸಿಗೆ ಏನಾದರೂ ಹಾಕಿದ್ದೇನೆ ಎಂದು ಫೋನ್ ಮಾಡಿದರೆ, ಅದು ಅವರ ಬಿ.ಪಿ. ಮಾತ್ರೆಯೇ ಆಗಿರಲಿ, ಮೊದಲು ಕೇಳುವುದು ‘ರಸೀದಿ ತಗೊಂಡ್ಯೇನೋ?’